ಉಗರಗೋಳದ ಹಾದಿಯಲ್ಲಿ ಬರಿದಾದ ಬ್ಯಾಟರಿ

ಧಾರವಾಡವನ್ನು ಬಿಟ್ಟು ಅಮ್ಮಿನಬಾವಿ, ಇನಾಮಹೊಂಗಲಗಳನ್ನು ದಾಟಿ ಸವದತ್ತಿಯತ್ತ ಸಾಗುವ ಪ್ರಯಾಣಿಕನ ಇಕ್ಕೆಲಗಳಲ್ಲಿಯೂ ಎರೆಯ ಹೊಲಗಳು ಹಾಸಿಕೊಂಡಿರುತ್ತವೆ. ಜೋಳ, ಕಡಲೆ, ಹತ್ತಿ ಎಂದು ಋತುವಿಗೆ ತಕ್ಕಂತೆ ಮೇಲಿನ ಬಣ್ಣ ಬದಲಾದೀತೇ ಹೊರತು ಕೆಳಗಿನ ಕಪ್ಪು ಬದಲಾಗದು. ಸುಮಾರು 40 ಕಿಲೋಮೀಟರು ಕ್ರಮಿಸುವಷ್ಟರಲ್ಲಿ ಬಯಲಿನ ನಡುವಿನಿಂದ ಕಲ್ಲುಗುಡ್ಡಗಳ ಸಾಲೊಂದು ತಲೆಯೆತ್ತುತ್ತದೆ. ಒಂದೆಡೆ ರಟ್ಟರ ಕಾಲವನ್ನು ನೆನಪಿಸುವ ಪರಸಗಡ. ಇನ್ನೊಂದೆಡೆ ನವಿಲುತೀರ್ಥದಲ್ಲಿ ಮಲಪ್ರಭೆಯನ್ನು ತಡೆದು ನಿಲ್ಲಿಸಿದ ರೇಣುಕಾಸಾಗರ. ಇವೆರಡರ ನೆರೆಯಲ್ಲಿ ರೇಣುಕಾ ಯಲ್ಲಮ್ಮನ ಗುಡ್ಡ. ಆ ಗುಡ್ಡದ ಮಗ್ಗುಲಿನ ಹಳ್ಳಿಯೇ ಉಗರಗೋಳ.

ಯಲ್ಲಮ್ಮನ ಗುಡಿಯನ್ನು 1514ರಲ್ಲಿ ರಾಯಬಾಗದ ಬೊಮ್ಮಪ್ಪ ನಾಯಕನು ಕಟ್ಟಿಸಿದನೆಂದು ಹೇಳುತ್ತಾರೆ. ದೇವಿಯ ಖ್ಯಾತಿ ಅದಕ್ಕಿಂತ ಹಳೆಯದು. ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗಳೆಂದರೆ ಈ ಸೀಮೆಯ ರಸ್ತೆಗಳಿಗೆ ಬಿಡುವೆಂಬುದಿಲ್ಲ. ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರ, ಗೋವೆ, ಆಂಧ್ರ, ತೆಲಂಗಾಣಗಳವರೂ ಕುಟುಂಬಸಮೇತರಾಗಿ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, ಸತ್ಯಮ್ಮನ ದರ್ಶನ ಪಡೆದು, ಹಣೆತುಂಬ ಭಂಡಾರ ಬಳಿದುಕೊಂಡು, ‘ಉಧೋ ಉಧೋ’ ಎನ್ನುತ್ತ ಗುಡ್ಡವನ್ನೇರುವ ಆ ಜನಸಮೂಹದಲ್ಲಿ ನಡೆದು ಬಂದವರುಂಟು, ಎತ್ತುಗಳಿಗೆ ಜೂಲು ಹಾಕಿ ಚಕ್ಕಡಿ ಹೂಡಿಕೊಂಡು ಬಂದವರುಂಟು, ಟ್ರ್ಯಾಕ್ಟರಿನಲ್ಲಿ ಇಡೀ ಓಣಿಯನ್ನೇ ಹೇರಿಕೊಂಡು ಬಂದವರುಂಟು. ಇತ್ತೀಚಿನ ದಶಕಗಳಲ್ಲಿ ಇವರೊಡನೆ ಮೋಟಾರ್ ಸೈಕಲ್ಲಿನವರೂ ಸೇರಿದ್ದಾರೆ. ಮುಂದೆ ಗೃಹಸ್ಥ, ನಡುವೆ ಮಗು, ಹಿಂದೆ ಹಡಲಿಗೆಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡ ಗೃಹಿಣಿ.

ಚಕ್ಕಡಿಯವನಿಗೆ ಇಲ್ಲದ ಒಂದು ಚಿಂತೆ ಈ ಮೋಟಾರ್ ಸೈಕಲ್ಲಿನವನಿಗುಂಟು. ಚಕ್ಕಡಿಯ ಅಚ್ಚಿನ ಕೆಳಗೆ ತೂಗಾಡುತ್ತಿದ್ದ ಲಾಟೀನು, ಎತ್ತುಗಳು ಓಡಿದರೂ ನಿಂತರೂ ಒಂದೇ ಸಮನೆ ಉರಿಯುತ್ತಿತ್ತು. ಮೋಟಾರ್ ಸೈಕಲ್ಲಿನ ದೀಪ ಹಾಗಲ್ಲ. ಅದಕ್ಕೆ ಬೇಕಾದ ವಿದ್ಯುತ್ತು ಎಂಜಿನ್ ಎಷ್ಟು ರಭಸದಿಂದ ತಿರುಗುವುದೋ ಅಷ್ಟಷ್ಟೇ ಹುಟ್ಟುತ್ತದೆ. ಜಾತ್ರೆಯ ದಿನ ಉಗರಗೋಳದ ರಸ್ತೆಯಲ್ಲಿ ಎಂಜಿನ್ ರಭಸದಿಂದ ತಿರುಗುವ ಪ್ರಸಂಗವೇ ಬಾರದು. ಮುಂದೆ ಎತ್ತಿನ ಬಾಲ, ಹಿಂದೆ ಬಸ್ಸಿನ ಮೂತಿ. ಹತ್ತು ಮಾರು ಸರಿಯುವುದು, ನಿಲ್ಲುವುದು; ಬ್ರೇಕು ಅದುಮುವುದು, ಹಾರ್ನು ಬಾರಿಸುವುದು. ಗಂಟೆಗಟ್ಟಲೆ ಹೀಗೆ ತೆವಳಿದ ಮೇಲೆ ಯಾವುದೋ ಒಂದು ತಿರುವಿನಲ್ಲಿ ವಾಹನವು ಮೊಂಡು ಹಿಡಿಯುತ್ತದೆ. ಸೆಲ್ಫ್ ಗುಂಡಿಯನ್ನು ಒತ್ತಿದರೆ ಎಂಜಿನ್ ತಿರುಗದು, ‘ಕಟ್ ಕಟ್’ ಎಂಬ ಸದ್ದೊಂದೇ ಬರುವುದು. ಹಾರ್ನಿನ ಕಂಠ ಕಟ್ಟಿರುತ್ತದೆ. ಇಂಡಿಕೇಟರ್ ಕಣ್ಣು ಮಿಟುಕಿಸುವುದನ್ನು ಮರೆತು ಪೆಚ್ಚಾಗಿ ತೆರೆದುಕೊಂಡೇ ಉಳಿಯುತ್ತದೆ.

ಆಗ ಬಹುಜನರು ಆಡುವ ಮಾತು ಒಂದೇ: “ಬ್ಯಾಟರಿ ಹೋತು.” ಈ ತೀರ್ಪು ಸರಿಯಾಗಿರುವುದಕ್ಕಿಂತ ತಪ್ಪಾಗಿರುವುದೇ ಹೆಚ್ಚು. ತಪ್ಪು ತೀರ್ಪಿಗೆ ತೆರಬೇಕಾದ ದಂಡ ಒಂದು ಹೊಸ ಬ್ಯಾಟರಿಯ ಬೆಲೆ. ಆ ಹೊಸ ಬ್ಯಾಟರಿಯೂ ಮುಂದಿನ ಹುಣ್ಣಿಮೆಯ ಹೊತ್ತಿಗೆ ಹಳೆಯದರ ಹಾದಿಯನ್ನೇ ಹಿಡಿದರೆ ಅಂಗಡಿಯವನನ್ನು ಬೈದು ಫಲವಿಲ್ಲ.

ಧಾರವಾಡದ ಗೃಹಸ್ಥರೊಬ್ಬರಿಗೆ ಈ ಸಂಕಟ ಬಂದಿತೆನ್ನೋಣ. 2018ರಲ್ಲಿ ಕೊಂಡ ವಾಹನ. ಕಾರ್ಬುರೇಟರಿನದು, ಸೆಲ್ಫ್ ಜೊತೆಗೆ ಕಿಕ್ಕೂ ಉಂಟು. ಎರಡು ತಿಂಗಳ ಹಿಂದೆಯಷ್ಟೇ ಹೊಸ ಬ್ಯಾಟರಿ ಹಾಕಿಸಿದ್ದಾರೆ. ಸಂಜೆ ಸಮೀಪಿಸುತ್ತಿದೆ, ಗುಡ್ಡ ಇನ್ನೂ ಹತ್ತಬೇಕು, ರಾತ್ರಿ ಮರಳಿ ಇಳಿಯಬೇಕು. ರಸ್ತೆಯ ಬದಿಗೆ ತಗಡಿನ ನೆರಳಿನಲ್ಲಿ ಪಾನಾ, ಪಕ್ಕಡಗಳನ್ನು ಹರವಿಕೊಂಡು ಕುಳಿತ ವಯಸ್ಸಾದ ಮಿಸ್ತ್ರಿಯ ಮುಂದೆ ವಾಹನವನ್ನು ತಳ್ಳಿಕೊಂಡು ಬಂದು ನಿಲ್ಲಿಸುತ್ತಾರೆ.

“ಬ್ಯಾಟರಿ ಹೊಸಾದೈತ್ರಿ ಕಾಕಾ. ಎರಡ ತಿಂಗಳಾತು ನೋಡ್ರಿ ಹಾಕಿಸಿ.”

“ಕೊಡ ಹೊಸಾದಾದ್ರ ಏನಾತ್ರಿ ಸಾಹೇಬ್ರ? ತುಂಬಾವರ ಬೇಕಲ್ರಿ. ಎಷ್ಟ ಹೊತ್ತಿಂದ ಹಿಂಗ ನಿಂತ-ನಿಂತ ಬರಾಕತ್ತೀರಿ?”

“ಎರಡ ತಾಸಾತ್ರಿ.”

“ಊರಾಗ ಓಡಿಸುವಾಗ? ಆವಾಗೂ ಸೆಲ್ಫ್ ಬಳ್ಳತಿತ್ತೇನ್ರಿ?”

ಗೃಹಸ್ಥರು ತಡವರಿಸುತ್ತಾರೆ. ಹೌದು, ಎಂಟು ದಿನಗಳಿಂದ ಬೆಳಗಿನ ಹೊತ್ತು ತುಸು ನಿಧಾನವಾಗಿಯೇ ತಿರುಗುತ್ತಿತ್ತು. ಈ ಒಂದು ಉತ್ತರದಿಂದಲೇ ಮಿಸ್ತ್ರಿಗೆ ಅರ್ಧ ತಿಳಿದು ಹೋಯಿತು. ಜಾತ್ರೆಯ ತೆವಳಾಟದಿಂದ ಮಾತ್ರ ಬರಿದಾದ ಬ್ಯಾಟರಿ ಬೇರೆ, ಮೊದಲೇ ಅರೆಹೊಟ್ಟೆಯಲ್ಲಿದ್ದು ಜಾತ್ರೆಯಲ್ಲಿ ನೆಲಕಚ್ಚಿದ್ದು ಬೇರೆ. ಮೊದಲನೆಯದಕ್ಕೆ ಔಷಧ ಬೇಡ, ಬಯಲು ರಸ್ತೆಯಲ್ಲಿ ಒಂದು ತಾಸು ಓಡಿಸಿದರೆ ಸಾಕಷ್ಟು ಚೇತರಿಸಿಕೊಳ್ಳುತ್ತದೆ. ಎರಡನೆಯದಕ್ಕೆ ಕಾರಣ ಹುಡುಕಲೇಬೇಕು.

ಹುಡುಕುವ ಬಗೆ ತಿಳಿಯಬೇಕಾದರೆ ವಿದ್ಯುತ್ತಿನ ಹಾದಿಯನ್ನು ಒಮ್ಮೆ ನಡೆದು ನೋಡಬೇಕು. ಎಂಜಿನ್ನಿನ ಪಕ್ಕದ ಮುಚ್ಚಳದೊಳಗೆ ಅಯಸ್ಕಾಂತಗಳನ್ನು ಹೊತ್ತ ಗಾಲಿಯೊಂದು ತಿರುಗುತ್ತಿರುತ್ತದೆ. ಅದರ ಮಧ್ಯದಲ್ಲಿ ಅಲುಗಾಡದೆ ಕುಳಿತ ತಾಮ್ರದ ಸುರುಳಿಗಳನ್ನು ಮಿಸ್ತ್ರಿಗಳು ಮ್ಯಾಗ್ನೆಟ್ ಕಾಯಿಲ್ ಎನ್ನುತ್ತಾರೆ. ಅಲ್ಲಿ ಹುಟ್ಟುವುದು ಅತ್ತಿತ್ತ ಓಲಾಡುವ ಎ.ಸಿ. ಪ್ರವಾಹ. ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ಡಿ.ಸಿ. ಈ ಮಾರ್ಪಾಟನ್ನು ಮಾಡುವುದೂ, ಒತ್ತಡವು ಮಿತಿಮೀರದಂತೆ ಕಾಯುವುದೂ ರೆಗ್ಯುಲೇಟರ್ ಎಂಬ ಪುಟ್ಟ ಪೆಟ್ಟಿಗೆಯ ಕೆಲಸ. ಅಲ್ಲಿಂದ ತಂತಿ, ಕಪ್ಲರ್, ಫ್ಯೂಸುಗಳ ಮೂಲಕ ಪ್ರವಾಹವು ಬ್ಯಾಟರಿಯನ್ನು ಸೇರುತ್ತದೆ. ಬಾವಿ, ರಾಟೆ, ಕಾಲುವೆ, ಕೊಡ ಎಂದು ನಾಲ್ಕನ್ನು ಹೇಳಿದರೆ ಮನೆಯವರಿಗೆಲ್ಲ ಅರ್ಥವಾದೀತು. ಕೊಡ ತುಂಬಲಿಲ್ಲವೆಂದರೆ ಕೊಡವೇ ಒಡೆದಿರಬೇಕೆಂಬ ನಿಯಮವಿಲ್ಲ.

ಮಿಸ್ತ್ರಿಯು ಮಲ್ಟಿಮೀಟರಿನ ಕಡ್ಡಿಗಳನ್ನು ಬ್ಯಾಟರಿಯ ಎರಡು ತುದಿಗಳಿಗೆ ಮುಟ್ಟಿಸುತ್ತಾನೆ. 11.9 ವೋಲ್ಟ್. ಚೆನ್ನಾಗಿ ತುಂಬಿ ಸ್ವಲ್ಪ ಹೊತ್ತು ವಿಶ್ರಮಿಸಿದ 12 ವೋಲ್ಟಿನ ಬ್ಯಾಟರಿಯು 12.6ರಿಂದ 12.8ರವರೆಗೆ ತೋರಿಸಬೇಕು; 12.2ಕ್ಕೆ ಇಳಿದರೆ ಸುಮಾರು ಅರ್ಧ ಬರಿದಾಯಿತೆಂದು ತಿಳಿಯಬೇಕು. 12ಕ್ಕಿಂತ ಕೆಳಗೆ ಉಳಿದಿರುವುದು ತಳದ ಗುಟುಕು ಮಾತ್ರ. ಬಳಿಕ ಕಿಕ್ ಹೊಡೆದು ಎಂಜಿನ್ ಚಾಲೂ ಮಾಡಿ, ಅದು ನಿಧಾನವಾಗಿ ತಿರುಗುತ್ತಿರುವಾಗ ಒಮ್ಮೆ, ಎಕ್ಸಲರೇಟರನ್ನು ತಿರುವಿ ರಭಸ ಹೆಚ್ಚಿಸಿದಾಗ ಒಮ್ಮೆ ಅಳೆಯುತ್ತಾನೆ. ಮೊದಲ ಸಲ 12.1, ಎರಡನೆಯ ಸಲ 12.8. ಸುಸ್ಥಿತಿಯ ವಾಹನವಾಗಿದ್ದರೆ ರಭಸದಲ್ಲಿ 14ರ ಆಸುಪಾಸು ಬರಬೇಕಾಗಿತ್ತು, 13.8ರಿಂದ 14.5ರವರೆಗೆ ಸರಿ. ಅಂದರೆ ಕೊಡಕ್ಕೆ ನೀರು ಬರುತ್ತಿದೆ, ಆದರೆ ದಾರಿಯಲ್ಲೆಲ್ಲೋ ಸೋರುತ್ತಿದೆ.

ಅವಸರದ ಮಿಸ್ತ್ರಿಯು ಇಲ್ಲಿಯೇ “ರೆಗ್ಯುಲೇಟರ್ ಬದಲಿಸ್ರಿ” ಎಂದುಬಿಡುತ್ತಿದ್ದನು. ಈತನು ಹಾಗೆ ಮಾಡಲಿಲ್ಲ. ಎಂಜಿನ್ ಅದೇ ರಭಸದಲ್ಲಿರುವಾಗ ಮೀಟರಿನ ಕಡ್ಡಿಗಳನ್ನು ಬ್ಯಾಟರಿಯಿಂದ ತೆಗೆದು ರೆಗ್ಯುಲೇಟರಿನ ಬಾಯಿಗೇ ಹಿಡಿದನು. ಅಲ್ಲಿ 14.3! ಪೆಟ್ಟಿಗೆಯಿಂದ ಹೊರಟದ್ದು 14.3, ಬ್ಯಾಟರಿಯನ್ನು ಮುಟ್ಟಿದ್ದು 12.8. ನಡುವಿನ ಒಂದೂವರೆ ವೋಲ್ಟು ಮೂರು ಗೇಣಿನ ತಂತಿಯಲ್ಲಿ ಮಾಯವಾಗಿದೆ. ಆರೋಗ್ಯವಂತ ಜೋಡಣೆಯಲ್ಲಿ ಈ ನಷ್ಟ 0.2 ಅಥವಾ 0.3 ವೋಲ್ಟನ್ನು ಮೀರಬಾರದು.

ತಂತಿಯ ಜಾಡು ಹಿಡಿದು ಹೋದರೆ ಸೀಟಿನ ಕೆಳಗಿನ ಕಪ್ಲರ್ ಸಿಕ್ಕಿತು. ಬಿಚ್ಚಿ ನೋಡಿದಾಗ ಒಳಗಿನ ಹಿತ್ತಾಳೆಯ ಪಿನ್ನು ಹಸಿರುಗಟ್ಟಿದೆ, ಸುತ್ತಲಿನ ಪ್ಲಾಸ್ಟಿಕ್ಕು ಕಾದು ಕಂದಾಗಿದೆ. ಮಳೆಗಾಲದ ತೇವ ಅಲ್ಲಿ ಹೊಕ್ಕಿರಬೇಕು. ಸಡಿಲವಾದ ಕಡೆ ಪ್ರವಾಹಕ್ಕೆ ತಡೆ, ತಡೆಯಿಂದ ಕಾವು, ಕಾವಿನಿಂದ ಇನ್ನಷ್ಟು ಸಡಿಲ. ಮಿಸ್ತ್ರಿಯು ಪಾಲೀಸು ಕಾಗದದಿಂದ ಪಿನ್ನನ್ನು ತಿಕ್ಕಿ, ಇಕ್ಕಳದಿಂದ ಹಿತವಾಗಿ ಬಿಗಿಮಾಡಿದನು. ಜೊತೆಗೆ ಬ್ಯಾಟರಿಯ ನೆಗೆಟಿವ್ ತಂತಿಯು ಚಾಸಿಗೆ ಸೇರುವ ಬೋಲ್ಟನ್ನೂ ಬಿಚ್ಚಿ, ತುಕ್ಕು ಕೆರೆದು, ಮತ್ತೆ ಬಿಗಿದನು. ಮತ್ತೊಮ್ಮೆ ಅಳತೆ: ಬ್ಯಾಟರಿಯ ಮೇಲೆಯೇ 14.1. ಕೆಲಸ ಹಿಡಿದದ್ದು ಕಾಲು ಗಂಟೆ, ಸಾಮಾನು ಬದಲಾದದ್ದು ಒಂದೂ ಇಲ್ಲ. ಇದೇ ಕಾರಣದಿಂದ ಮೊದಲಿನ ಬ್ಯಾಟರಿಯೂ ಅಕಾಲದಲ್ಲಿ ಸತ್ತಿದ್ದಿರಬಹುದೆಂಬುದು ಗೃಹಸ್ಥರಿಗೆ ಹೊಳೆದಾಗ ಅವರ ಮುಖ ಸ್ವಲ್ಪ ಸಣ್ಣದಾದದ್ದು ಸಹಜವೇ.

ರೆಗ್ಯುಲೇಟರಿನ ಬಾಯಲ್ಲಿಯೂ 12.8 ಮಾತ್ರವೇ ಬಂದಿದ್ದರೆ ಪರೀಕ್ಷೆ ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಬೇಕಾಗುತ್ತಿತ್ತು. ಅನೇಕ ವಾಹನಗಳಲ್ಲಿ ಕಾಯಿಲಿನಿಂದ ಮೂರು ಹಳದಿ ತಂತಿಗಳು ಹೊರಬರುತ್ತವೆ. ಅವುಗಳನ್ನು ರೆಗ್ಯುಲೇಟರಿನಿಂದ ಬಿಡಿಸಿ, ಎಂಜಿನ್ ಓಡಿಸಿ, ಎರಡೆರಡರ ನಡುವೆ ಎ.ಸಿ. ವೋಲ್ಟನ್ನು ಅಳೆದರೆ ಮೂರು ಜೋಡಿಗಳೂ ಹೆಚ್ಚುಕಡಮೆ ಸಮನಾಗಿರಬೇಕು, ರಭಸ ಹೆಚ್ಚಿದಂತೆ ಮೂರೂ ಒಟ್ಟಿಗೆ ಏರಬೇಕು. ಒಂದು ಜೋಡಿ ಹಿಂದುಳಿದರೆ ಕಾಯಿಲಿನಲ್ಲಿ ದೋಷ. ಎಂಜಿನ್ ನಿಲ್ಲಿಸಿದಾಗ ಯಾವುದೇ ಹಳದಿ ತಂತಿಗೂ ಎಂಜಿನ್ನಿನ ಮೈಗೂ ಸಂಪರ್ಕವಿರಬಾರದು. ಇದ್ದರೆ ಸುರುಳಿಯ ಹೊದಿಕೆ ಸುಟ್ಟಿದೆಯೆಂದೇ ಅರ್ಥ. ಕಾಯಿಲು ಸರಿಯಿದ್ದು, ತಂತಿಗಳೂ ಸರಿಯಿದ್ದು, ಹೊರಬರುವ ಡಿ.ಸಿ. ಮಾತ್ರ ಕಡಮೆಯಾದರೆ ಆಗ ರೆಗ್ಯುಲೇಟರಿನ ಮೇಲೆ ಆರೋಪ ಹೊರಿಸಬಹುದು. ರೆಗ್ಯುಲೇಟರ್ ಇನ್ನೊಂದು ಬಗೆಯಲ್ಲಿಯೂ ಕೆಡುವುದುಂಟು: ತಡೆಯುವುದನ್ನೇ ಮರೆತು 15ಕ್ಕೂ ಮೀರಿ ಕೊಡತೊಡಗುತ್ತದೆ. ಆಗ ಬಲ್ಬುಗಳು ಪದೇ ಪದೇ ಸುಡುತ್ತವೆ, ಬ್ಯಾಟರಿ ಕುದಿದು ನೀರು ಇಂಗುತ್ತದೆ. ಇನ್ನು 14 ಬರುತ್ತಿದ್ದು, ರಾತ್ರಿಯಿಡೀ ಚಾರ್ಜ್ ಮಾಡಿದ ಮೇಲೂ ಸೆಲ್ಫ್ ಒತ್ತಿದೊಡನೆ ವೋಲ್ಟು 9.5ಕ್ಕಿಂತ ಕೆಳಗೆ ಕುಸಿದರೆ ಮಾತ್ರ, ಬ್ಯಾಟರಿಗೇ ಎಳ್ಳುನೀರು ಬಿಡುವುದು ನ್ಯಾಯ.

ಜಾತ್ರೆಯ ಭಂಡಾರವೂ ಇಲ್ಲಿ ಒಂದು ವಿನೋದದ ಪಾತ್ರ ವಹಿಸುತ್ತದೆ. ಭಕ್ತರು ತಮ್ಮ ಹಣೆಗಷ್ಟೇ ಅಲ್ಲ, ವಾಹನದ ಹಣೆಗೂ ಅದನ್ನು ಬಳಿಯುತ್ತಾರೆ. ಸೀಟು ಎತ್ತಿದರೆ ಬ್ಯಾಟರಿಯ ಮೇಲೂ ಹಳದಿಯ ಪುಡಿ. ಅರಿಶಿನಕ್ಕೆ ಸುಣ್ಣ ಬೆರೆತರೆ ಆರತಿಯ ಕೆನ್ನೀರಾಗುವುದು ಗೃಹಿಣಿಯರೆಲ್ಲರಿಗೂ ಗೊತ್ತು. ಬ್ಯಾಟರಿಯ ತುದಿಗಳಲ್ಲಿ ಬೆಳೆಯುವ ಬೂದುಬಿಳುಪಿನ ಹಕ್ಕಳೆ ಗಂಧಕಾಮ್ಲದ ಕೂಸು; ಅದನ್ನು ಅಡುಗೆ ಸೋಡಾ ಕಲಸಿದ ನೀರಿನಿಂದ ಒರೆಸಿ ತೆಗೆಯಬೇಕು. ಹಾಗೆ ಒರೆಸುವಾಗ ಆಮ್ಲವಿರುವ ತನಕ ಭಂಡಾರ ಹಳದಿಯಾಗಿಯೇ ಉಳಿಯುತ್ತದೆ, ಸೋಡಾ ಗೆದ್ದ ಮೇಲೆ ಕೆಂಪಿಗೆ ತಿರುಗತೊಡಗುತ್ತದೆ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮಾತ್ರ ನೋಡಿಕೊಳ್ಳಬೇಕು. ಒಳಗೆ ಹಾಕಬೇಕಾದದ್ದು ಡಿಸ್ಟಿಲ್ಡ್ ವಾಟರ್ ಒಂದೇ, ಅದೂ ಮುಚ್ಚಳ ಬಿಚ್ಚುವ ಬಗೆಯ ಬ್ಯಾಟರಿಯಾದರೆ ಮಾತ್ರ. ‘ನೀರು ನೀರೇ ಅಲ್ಲವೇ’ ಎಂದು ಕೊಳವೆಬಾವಿಯ ಸವಳು ನೀರನ್ನು ಸುರಿದರೆ ಅದರಲ್ಲಿನ ಲವಣಗಳು ಸೀಸದ ಹಲಗೆಗಳನ್ನು ಕೆಡಿಸುತ್ತವೆ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕವು ಹೊಮ್ಮುವುದರಿಂದ ಕಡ್ಡಿ ಗೀರಿ ಒಳಗೆ ಇಣುಕುವ ಸಾಹಸವಂತೂ ಸಲ್ಲದು.

ಕನ್ನಡನಾಡಿನಲ್ಲಿ ಈ ಚಾರ್ಜಿನ ಚಿಂತೆಗೆ ಒಂದು ಇತಿಹಾಸವೇ ಉಂಟು. 1961ರ ಹೊತ್ತಿಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಮೋಟಾರ್ ಸೈಕಲ್ಲುಗಳು ಹೊರಬರತೊಡಗಿದವು. 1973ರಿಂದ ಅವು ಯೆಜ್ಡಿ ಎಂಬ ಹೆಸರಿನಿಂದ ನಡೆದವು. 1996ರಲ್ಲಿ ಕಾರ್ಖಾನೆ ಬಾಗಿಲು ಮುಚ್ಚಿತು. ಗೇರಿನ ಲಿವರೇ ಹಿಂದಕ್ಕೆ ಮಡಿಚಿದರೆ ಕಿಕ್ಕೂ ಆಗುತ್ತಿದ್ದ ಆ ವಾಹನಗಳನ್ನು ಇಂದಿಗೂ ಮಕ್ಕಳಂತೆ ಸಾಕುವವರಿದ್ದಾರೆ. ಹಳೆಯ ಜಾವಾದಲ್ಲಿ ಇದ್ದದ್ದು 6 ವೋಲ್ಟಿನ ಡೈನಮೊ. ಅದರ ಹೆಡ್‌ಲೈಟಿನ ಬುರುಡೆಯ ಮೇಲೆ ಒಂದು ಕೆಂಪು ದೀಪವಿತ್ತು. ಬೀಗ ತಿರುಗಿಸಿದಾಗ ಅದು ಹೊತ್ತಿಕೊಳ್ಳುತ್ತಿತ್ತು; ಎಂಜಿನ್ ರಭಸ ಪಡೆದು ಡೈನಮೊ ಬ್ಯಾಟರಿಯನ್ನು ತುಂಬತೊಡಗಿದೊಡನೆ ಆರುತ್ತಿತ್ತು. ಆರದಿದ್ದರೆ ಡೈನಮೊದ ಕಾರ್ಬನ್ನು ಸವೆದಿದೆಯೋ, ಕಟ್‌ಔಟಿನ ಪಾಯಿಂಟು ಅಂಟಿದೆಯೋ ನೋಡಬೇಕಾಗಿತ್ತು. ಮೀಟರಿಲ್ಲದವನಿಗೂ ಸತ್ಯವನ್ನು ಹೇಳುತ್ತಿದ್ದ ಆ ಪುಟ್ಟ ದೀಪವನ್ನು ಇಂದಿನ ಅನೇಕ ವಾಹನಗಳು ಕೈಬಿಟ್ಟಿರುವುದು ಪ್ರಗತಿಯೆಂದು ಹೇಳಲು ಮನಸ್ಸು ಬಾರದು. ಅಂಥ ಜಾವಾ ಒಂದು ಈಗ ಉಗರಗೋಳದ ಜಾತ್ರೆಯ ಸಾಲಿನಲ್ಲಿ ಸಿಕ್ಕಿಕೊಂಡರೆ ಆ ಕೆಂಪು ಕಣ್ಣು ಗುಡ್ಡ ಮುಟ್ಟುವ ತನಕವೂ ಮುಚ್ಚಲಿಕ್ಕಿಲ್ಲ.

ಕಾಲ ಬದಲಾದಂತೆ ತೊಡಕೂ ಬದಲಾಯಿತು. ಹಳೆಯ 100 ಸಿ.ಸಿ. ವಾಹನಗಳಲ್ಲಿ ಅನೇಕವುಗಳ ಹೆಡ್‌ಲೈಟು ಬ್ಯಾಟರಿಯ ಹಂಗಿಲ್ಲದೆ ನೇರವಾಗಿ ಕಾಯಿಲಿನಿಂದಲೇ ಉರಿಯುತ್ತಿತ್ತು. ಎಕ್ಸಲರೇಟರ್ ತಿರುವಿದರೆ ಬೆಳಕು, ಬಿಟ್ಟರೆ ಮಬ್ಬು. ನೋಡಲು ಕಿರಿಕಿರಿಯಾದರೂ ಬ್ಯಾಟರಿಗೆ ಕ್ಷೇಮ. ಒಂದೇ ಸಮನಾಗಿ ಬೆಳಗುವ ಈಗಿನ ದೀಪ ಬ್ಯಾಟರಿಯ ಕಡೆಯಿಂದ ಉಣ್ಣುತ್ತದೆ. ಇದರ ಮೇಲೆ, 2017ರ ಏಪ್ರಿಲಿನಿಂದ ಹೊಸ ದ್ವಿಚಕ್ರ ವಾಹನಗಳಲ್ಲಿ ಎಂಜಿನ್ ಚಾಲೂ ಆದೊಡನೆ ಹೆಡ್‌ಲೈಟು ತಾನಾಗಿ ಉರಿಯಲೇಬೇಕೆಂಬ ನಿಯಮ ಬಂದಿದೆ. ಎದುರಿನವರಿಗೆ ಕಾಣಲೆಂಬ ಉದ್ದೇಶ ಒಳ್ಳೆಯದೇ. ಆದರೆ 35 ವ್ಯಾಟಿನ ದೀಪವೊಂದು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಬೇಡುತ್ತದೆ. ಬ್ರೇಕಿನ ದೀಪ, ಇಂಡಿಕೇಟರು, ಹಾರ್ನು ಬೇರೆ. ತೆವಳುವ ಸಾಲಿನಲ್ಲಿ ಉತ್ಪಾದನೆಗಿಂತ ಖರ್ಚು 2 ಆಂಪಿಯರಿನಷ್ಟು ಹೆಚ್ಚಾಯಿತೆನ್ನಿ. ಎರಡು ತಾಸಿನಲ್ಲಿ 4 ಆಂಪಿಯರ್-ಅವರ್ ಕರಗಿತು. ಬ್ಯಾಟರಿಯ ಒಟ್ಟು ಶಕ್ತಿಯೇ 5 ಆಗಿದ್ದರೆ ಉಳಿದದ್ದೇನು?

ನಿಂತಾಗ ಎಂಜಿನ್ ಆರಿಸಿದರೆ ಮತ್ತೆ ಸೆಲ್ಫ್ ಒತ್ತುವುದರಲ್ಲಿಯೇ ಬ್ಯಾಟರಿ ಹೆಚ್ಚು ಸವೆಯದೇ ಎಂದು ಕೇಳುವವರಿದ್ದಾರೆ. ಲೆಕ್ಕ ಹಾಕಿ ನೋಡಬಹುದು. ಸೆಲ್ಫ್ ಮೋಟಾರು 50 ಆಂಪಿಯರಿನಂತೆ 2 ಸೆಕೆಂಡು ಎಳೆದರೆ ಆದ ಖರ್ಚು, 2 ಆಂಪಿಯರಿನ ಕೊರತೆಯಲ್ಲಿ 50 ಸೆಕೆಂಡು ನಿಂತದ್ದಕ್ಕೆ ಸಮ. ಒಂದು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಸಂಭವವಿದ್ದರೆ ಬೀಗ ತಿರುಗಿಸಿ ಆರಿಸುವುದೇ ಲಾಭ. ಕಿಕ್ ಇದ್ದವರು ಅದನ್ನೇ ಬಳಸಿದರೆ ಇನ್ನೂ ಲಾಭ. 2020ರ ಏಪ್ರಿಲಿನಿಂದ ಬಂದ ಫ್ಯೂಯೆಲ್ ಇಂಜೆಕ್ಷನ್ ವಾಹನಗಳವರು ಮಾತ್ರ ಇನ್ನಷ್ಟು ಎಚ್ಚರದಿಂದಿರಬೇಕು. ಅವುಗಳಲ್ಲಿ ಪೆಟ್ರೋಲನ್ನು ಎಂಜಿನ್ನಿಗೆ ದೂಡುವ ಪಂಪೇ ವಿದ್ಯುತ್ತಿನದು. ಬ್ಯಾಟರಿ ಪೂರ್ತಿ ಬತ್ತಿದರೆ ತಳ್ಳಿ ಚಾಲೂ ಮಾಡುವ ಹಳೆಯ ಉಪಾಯ ಅಲ್ಲಿ ಬಹುತೇಕ ನಡೆಯದು.

ಉಗರಗೋಳದ ಮಿಸ್ತ್ರಿಯು ಗೃಹಸ್ಥರನ್ನು ಬೀಳ್ಕೊಡುವಾಗ ಮುಖ್ಯವಾಗಿ ಹೇಳಿದ್ದು ಏರುವ ವಿಷಯವನ್ನಲ್ಲ, ಇಳಿಯುವ ವಿಷಯವನ್ನು.

“ರಾತ್ರಿ ಇಳಿಯೂ ಮುಂದ ಗಾಡಿ ಬಂದ್ ಮಾಡಿ ಬಿಡಬ್ಯಾಡ್ರಿ ಸಾಹೇಬ್ರ. ಗೇರನ್ಯಾಗ ಇಳಸ್ರಿ. ಅಕ್ಕಾರು, ಕೂಸು ಹಿಂದ ಅದಾರು.”

ಇಳಿಜಾರಿನಲ್ಲಿ ಎಂಜಿನ್ ಆರಿಸಿ, ನ್ಯೂಟ್ರಲಿನಲ್ಲಿ ಜಾರಿಬಿಟ್ಟು ನಾಲ್ಕು ಹನಿ ಪೆಟ್ರೋಲು ಉಳಿಸುವ ಚಪಲ ಅನೇಕರಿಗುಂಟು. ಎಂಜಿನ್ ನಿಂತಿತೆಂದರೆ ಬಾವಿಯೂ ನಿಂತಿತು. ಉರಿಯುವ ದೀಪವೆಲ್ಲ ಮೊದಲೇ ಸೋತ ಬ್ಯಾಟರಿಯ ಮೇಲೆ. ಅದು ಕೈಬಿಡುವುದು ತಿರುವಿನ ನಡುವೆಯೇ ಆಗಬಹುದು. ಎದುರಿಗೆ ಮೇಲೇರುತ್ತಿರುವ ಬಸ್ಸಿನ ಕಣ್ಣುಕೋರೈಸುವ ಬೆಳಕು, ಪಕ್ಕದಲ್ಲಿ ಕತ್ತಲೆಯಲ್ಲಿ ನಡೆಯುತ್ತಿರುವ ಮುದುಕಿಯರು, ಮಕ್ಕಳು. ಹಿಡಿತಕ್ಕೆ ಎಂಜಿನ್ನಿನ ಸಹಾಯವೂ ಇಲ್ಲದೆ ಬ್ರೇಕುಗಳೊಂದೇ ಗತಿ. ಅದೇ ಎರಡನೆಯ ಅಥವಾ ಮೂರನೆಯ ಗೇರಿನಲ್ಲಿ ಇಳಿಸಿದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ವಾಹನ ತಾನಾಗಿ ಹತೋಟಿಯಲ್ಲಿರುತ್ತದೆ, ಕಾಯಿಲು ಚುರುಕಾಗಿ ಪ್ರವಾಹ ಹುಟ್ಟಿಸುತ್ತದೆ, ಹಗಲೆಲ್ಲ ಕಳೆದುಕೊಂಡದ್ದರಲ್ಲಿ ಸ್ವಲ್ಪವನ್ನಾದರೂ ಬ್ಯಾಟರಿ ಇಳಿಜಾರಿನಲ್ಲಿಯೇ ಮರಳಿ ಪಡೆಯುತ್ತದೆ.

ಧಾರವಾಡ ಮುಟ್ಟಿದ ಮೇಲೆ ಬ್ಯಾಟರಿಯನ್ನು ಬಿಚ್ಚಿ ಚಾರ್ಜರಿಗೆ ಹಚ್ಚಬೇಕೆಂದೂ ಮಿಸ್ತ್ರಿಯು ಹೇಳಿ ಕಳಿಸಿದ್ದಾನೆ. ಬಿಚ್ಚುವಾಗ ನೆಗೆಟಿವ್ ಮೊದಲು, ಕೂಡಿಸುವಾಗ ನೆಗೆಟಿವ್ ಕಡೆಗೆ. 5 ಆಂಪಿಯರ್-ಅವರಿನ ಬ್ಯಾಟರಿಗೆ ಅರ್ಧ ಆಂಪಿಯರಿನಂತೆ ರಾತ್ರಿಯಿಡೀ. ಅವಸರಕ್ಕೆಂದು ಕಾರಿನ ಬ್ಯಾಟರಿಯ ದೊಡ್ಡ ಚಾರ್ಜರಿಗೆ ಹಚ್ಚಿದರೆ ಕಾದು ಉಬ್ಬುತ್ತದೆ. ಬೆಳಿಗ್ಗೆ ಚಾರ್ಜರಿನಿಂದ ತೆಗೆದು ಒಂದೆರಡು ತಾಸು ಸುಮ್ಮನೆ ಬಿಟ್ಟು ಅಳೆಯಬೇಕು. ಮೀಟರು 12.7 ತೋರಿಸಿತೋ, ಭಾರತ ಹುಣ್ಣಿಮೆಗೂ ಅದೇ ಬ್ಯಾಟರಿ ಸಾಕು.